ಬಿಕ್ಕಟ್ಟಿನ ದಿನಗಳಲ್ಲಿ ಆಸ್ಪತ್ರೆಯ ತಂಡವನ್ನು ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಸಣ್ಣ ನರ್ಸಿಂಗ್ ಹೋಂಗಳ ಸಿಬ್ಬಂದಿಯ ಜೊತೆ ತರಬೇತಿಗೆ ಕುಳಿತಾಗಲೆಲ್ಲ ಕೆಲವು ಪ್ರಶ್ನೆಗಳು ಮರಳಿ ಮರಳಿ ಬರುತ್ತವೆ. ಕೆಲವರು ಎಲ್ಲರ ಎದುರೇ ಕೇಳುತ್ತಾರೆ, ಹೆಚ್ಚಿನವರು ಚಹಾ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಕೇಳುತ್ತಾರೆ, ಇನ್ನು ಕೆಲವರು ಊರಿಗೆ ಹೋದ ಮೇಲೆ ಪತ್ರ ಬರೆಯುತ್ತಾರೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದ್ದೇನೆ. ಉತ್ತರಗಳು ನನ್ನವು. ಒಪ್ಪದವರೂ ಇದ್ದಾರೆ.

## ಮೊದಲ ಮಾತುಗಳು

ಬಿಕ್ಕಟ್ಟು ಎಂದರೆ ಕೋವಿಡ್‌ನಂಥದ್ದು. ಅದು ನೂರು ವರ್ಷಕ್ಕೊಮ್ಮೆ ಬರುವಂಥದ್ದು. ನಮ್ಮ ಆರು ಹಾಸಿಗೆಯ ಕೇಂದ್ರಕ್ಕೆ ಈ ಪಾಠವೆಲ್ಲ ಏಕೆ?

ನಮ್ಮ ಸೀಮೆಯ ಈಚಿನ ವರ್ಷಗಳನ್ನೇ ನೋಡಿ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಹೊರವಲಯದ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಬೆಳಗ್ಗೆ ಸುಮೋ ಗುದ್ದಿ 13 ಜನ ತೀರಿಕೊಂಡರು. ಮರುವಾರವೇ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆ ಮಾದರಿಯಲ್ಲಿ ಝೀಕಾ ವೈರಾಣು ಸಿಕ್ಕಿತೆಂಬ ಸುದ್ದಿ ಬಂತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಹಿಂದಕ್ಕೆ ಹೋದರೆ, 2006ರಲ್ಲಿ ಚಿಕೂನ್‌ಗುನ್ಯ ಪಕ್ಕದ ತುಮಕೂರು ಜಿಲ್ಲೆಯ ಊರೂರನ್ನೇ ಮಲಗಿಸಿದ್ದು ಅಲ್ಲಿನ ಹಳೆಯ ಸಿಬ್ಬಂದಿಗೆ ಇನ್ನೂ ನೆನಪಿದೆ.

ಇರುವ ಕೈಗಳಿಗಿಂತ ಬಂದ ಕೆಲಸ ಹೆಚ್ಚಾಗಿ, ದಿನನಿತ್ಯದ ಕ್ರಮದಿಂದ ಅದನ್ನು ತೂಗಿಸಲು ಆಗದಿದ್ದಾಗ ಅದು ಆ ತಂಡಕ್ಕೆ ಬಿಕ್ಕಟ್ಟೇ. ಮದುವೆ ಊಟ ಕೆಟ್ಟು ನಲವತ್ತು ಜನ ವಾಂತಿ ಭೇದಿಯೆಂದು ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್‌ನಲ್ಲಿ ಬಂದಿಳಿದರೆ ಆರು ಹಾಸಿಗೆಯ ಕೇಂದ್ರಕ್ಕೆ ಅದಕ್ಕಿಂತ ದೊಡ್ಡದು ಬೇಕೆ?

ನಾನು ವೈದ್ಯಾಧಿಕಾರಿಯಾಗಿ ಬಂದು ವರ್ಷವೂ ಆಗಿಲ್ಲ. ನಮ್ಮ ಸಿಸ್ಟರ್‌ಗೆ ಇಪ್ಪತ್ತೆರಡು ವರ್ಷದ ಸೇವೆ. ಅವರಿಗೆ ನಾನು ಹೇಗೆ ಹೇಳುವುದು?

ಎಲ್ಲವನ್ನೂ ನೀವೇ ಹೇಳಬೇಕೆಂದು ಯಾರು ಹೇಳಿದರು? ಯಾವ ರೋಗಿಯನ್ನು ಇಲ್ಲೇ ಇಟ್ಟುಕೊಳ್ಳುವುದು, ಯಾರನ್ನು ಜಿಲ್ಲಾಸ್ಪತ್ರೆಗೆ ಕಳಿಸುವುದು, ಇವತ್ತು ಯಾವ ಕೆಲಸವನ್ನು ಕೈಬಿಡುವುದು ಎಂಬ ತೀರ್ಮಾನಗಳು ನಿಮ್ಮವು. ಅವುಗಳ ಜವಾಬ್ದಾರಿಯೂ ನಿಮ್ಮದೇ. ಯಾರು ಎಲ್ಲಿ ನಿಂತರೆ ವಾರ್ಡು ಓಡುತ್ತದೆ, ಯಾವ ಆಯಾ ರಕ್ತ ಕಂಡರೆ ಹೆದರುತ್ತಾರೆ, ಯಾವ ಹಳ್ಳಿಯ ಜನ ಯಾರ ಮಾತು ಕೇಳುತ್ತಾರೆ ಎಂಬುದು ಅವರಿಗೆ ಗೊತ್ತು. ಅದನ್ನು ಅವರಿಗೇ ಬಿಡಿ.

ಅಭಿಪ್ರಾಯ ಕೇಳುವುದಿದ್ದರೆ ನಿಮ್ಮದನ್ನು ಹೇಳುವ ಮೊದಲೇ ಕೇಳಿ. "ಸಿಸ್ಟರ್, ಮೂರನೇ ಹಾಸಿಗೆಯವರನ್ನು ಈಗಲೇ ಕಳಿಸೋಣವೇ, ಒಂದು ಗಂಟೆ ನೋಡೋಣವೇ? ನಿಮಗೆ ಏನನ್ನಿಸುತ್ತದೆ?" ಡಾಕ್ಟರ್ ತಮ್ಮ ಅಭಿಪ್ರಾಯ ಹೇಳಿಬಿಟ್ಟ ಮೇಲೆ ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಎದುರು ಮಾತನಾಡುವುದಿಲ್ಲ. ತಲೆ ಆಡಿಸಿ ಹೋಗುತ್ತಾರೆ, ಆಮೇಲೆ ಔಷಧ ಕೊಠಡಿಯಲ್ಲಿ ನಿಂತು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ನಿಮಗೆ ಬೇಕಿದ್ದ ಮಾಹಿತಿ ಎಷ್ಟೋ ಸಲ ಇರುತ್ತದೆ.

ಗಟ್ಟಿ ಮನಸ್ಸಿನವರನ್ನು ಆರಿಸಿ ಮುಂದೆ ನಿಲ್ಲಿಸಿದರೆ ಸಾಲದೆ?

ಮೊದಲ ವಾರಕ್ಕೆ ಸಾಕು. ಮೂರನೆಯ ವಾರಕ್ಕೆ ಆ ಗಟ್ಟಿ ಮನಸ್ಸಿನವರೇ ಮೊದಲು ಕುಸಿಯುತ್ತಾರೆ, ಏಕೆಂದರೆ ಎಲ್ಲ ಕಷ್ಟದ ಪಾಳಿಯನ್ನೂ ಅವರಿಗೇ ಹಾಕಿರುತ್ತೀರಿ. ಈ ಪುಟದಲ್ಲಿ ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ: ತಂಡದ ತಾಳಿಕೆ ಇರುವುದು ವ್ಯವಸ್ಥೆಯಲ್ಲಿ. ಪಾಳಿಯ ಪಟ್ಟಿ, ದಾಸ್ತಾನಿನ ಲೆಕ್ಕ, ಕುಡಿಯುವ ನೀರು, ಬಟ್ಟೆ ಬದಲಿಸಲು ಒಂದು ಕೋಣೆ, "ನನ್ನಿಂದ ಆಗುತ್ತಿಲ್ಲ" ಎಂದು ಹೇಳಿದವರನ್ನು ಹೀಯಾಳಿಸದ ಮೇಲಧಿಕಾರಿ. ಇವು ಸರಿಯಿದ್ದರೆ ಸಾಧಾರಣ ಮನಸ್ಸಿನವರೂ ತಿಂಗಳುಗಟ್ಟಲೆ ನಿಲ್ಲುತ್ತಾರೆ.

ಸನ್ಮಾನ, ಶಾಲು, ಚಪ್ಪಾಳೆಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿದ ಶುಶ್ರೂಷಾಧಿಕಾರಿಯನ್ನು ಸನ್ಮಾನಕ್ಕೆಂದು ಬೆಳಗ್ಗೆ ಹನ್ನೊಂದರವರೆಗೆ ನಿಲ್ಲಿಸಿಕೊಳ್ಳುವವರ ಬಗ್ಗೆ ಇದೆ.

ನನಗೇ ಭಯವಾದರೆ ತಂಡದ ಎದುರು ತೋರಿಸಿಕೊಳ್ಳಬಹುದೇ?

ಭಯ ಇದೆಯೆಂದು ಹೇಳಬಹುದು, ಭಯದಲ್ಲಿ ನಿರ್ಧಾರ ತೆಗೆದುಕೊಳ್ಳಬಾರದು. ಝೀಕಾ ಸುದ್ದಿ ಬಂದಾಗ ಸುತ್ತಲಿನ ಹಳ್ಳಿಗಳಲ್ಲಿ ಗರ್ಭಿಣಿಯರ ಮತ್ತು ಜ್ವರ ಬಂದವರ ಸಮೀಕ್ಷೆ ನಡೆಯಿತು. ಆ ವೈರಾಣು ಹೊಟ್ಟೆಯಲ್ಲಿರುವ ಮಗುವಿನ ತಲೆಯ ಬೆಳವಣಿಗೆಗೆ ಕುತ್ತು ತರಬಹುದಾದ್ದರಿಂದ ಸಮೀಕ್ಷೆಗೆ ಹೋಗುವ ಆಶಾ ಕಾರ್ಯಕರ್ತೆ ಸ್ವತಃ ಗರ್ಭಿಣಿಯಾಗಿದ್ದರೆ ಏನು ಮಾಡುವುದು? ಇಂಥಲ್ಲಿ "ಏನೂ ಆಗುವುದಿಲ್ಲ ಹೋಗಿ" ಎನ್ನುವ ವೈದ್ಯರನ್ನು ಯಾರೂ ನಂಬುವುದಿಲ್ಲ. ಗೊತ್ತಿರುವುದನ್ನು ಹೇಳಿ: ಇದು ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಬರುವಂಥದ್ದು, ತುಂಬು ತೋಳಿನ ಬಟ್ಟೆ ತೊಡಿ, ಸೊಳ್ಳೆ ನಿವಾರಕ ಹಚ್ಚಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ, ಯಾವಾಗ ತಿಳಿಸುತ್ತೀರೆಂದೂ ಹೇಳಿ. ಗರ್ಭಿಣಿ ಕಾರ್ಯಕರ್ತೆಯನ್ನು, ಆಕೆ ಕೇಳುವ ಮೊದಲೇ, ಆ ಹಳ್ಳಿಯ ಕೆಲಸದಿಂದ ಬಿಡಿಸಿ.

## ದಿನದ ಕೆಲಸ

ಮೊದಲ ದಿನ ತಲೆಯೇ ಓಡುವುದಿಲ್ಲ. ಯಾವುದರಿಂದ ಶುರು ಮಾಡಬೇಕು?

ಬೋರ್ಡಿನ ಮೇಲೆ ಮೂರು ಹೆಸರು ಬರೆಯುವುದರಿಂದ. ರೋಗಿಗಳ ವಿಂಗಡಣೆ ಯಾರು, ಸಾಮಗ್ರಿ ಯಾರು, ಹೊರಗಿನ ಮಾತುಕತೆ ಯಾರು. ಹೊರಗಿನ ಮಾತುಕತೆ ಎಂದರೆ 108, ತಾಲ್ಲೂಕು ಆರೋಗ್ಯಾಧಿಕಾರಿ, ಪೊಲೀಸ್, ಸಂಬಂಧಿಕರು, ಪತ್ರಕರ್ತರು. ತಂಡದ ಮುಖ್ಯಸ್ಥರು ಈ ಮೂರರಲ್ಲಿ ಯಾವುದನ್ನೂ ಹಿಡಿಯಬಾರದು. ಇದು ವೈದ್ಯರಿಗೆ ಬಹಳ ಕಷ್ಟ. ಗಾಯಾಳು ಕಂಡ ಕೂಡಲೇ ಕೈ ತಾನಾಗಿ ಕೈಗವಸಿನತ್ತ ಹೋಗುತ್ತದೆ. ಆದರೆ ನೀವು ಒಬ್ಬನ ಹೊಲಿಗೆಗೆ ಬಗ್ಗಿದ ಹತ್ತು ನಿಮಿಷದಲ್ಲಿ ಉಳಿದ ಹನ್ನೆರಡು ಮಂದಿಗೆ ಮುಖ್ಯಸ್ಥರಿಲ್ಲ. ಇರುವವರು ನೀವೊಬ್ಬರೇ ವೈದ್ಯರಾದರೆ, ಒಟ್ಟು ಪರಿಸ್ಥಿತಿಯ ಮೇಲೆ ಕಣ್ಣಿಡುವ ಕೆಲಸವನ್ನು ಹಿರಿಯ ಸಿಸ್ಟರ್‌ಗೆ ಬಾಯಿಬಿಟ್ಟು ವಹಿಸಿ, ಆಮೇಲೆ ಬಗ್ಗಿ.

ಅಪಘಾತವಾದರೆ ಪಟ್ಟಿ ಕಟ್ಟಿ ವಿಂಗಡಿಸುವುದು ನಿಮಗೆ ಗೊತ್ತೇ ಇದೆ: ಕೂಡಲೇ ಚಿಕಿತ್ಸೆ ಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ಸಣ್ಣ ಗಾಯದವರಿಗೆ ಹಸಿರು, ಸತ್ತವರಿಗೆ ಅಥವಾ ಉಳಿಯಲಾರದವರಿಗೆ ಕಪ್ಪು. ಪಟ್ಟಿಗಳು ಎಲ್ಲಿವೆ ಎಂಬುದು ಗೊತ್ತಿದೆಯೇ ಎಂದು ಇವತ್ತೇ ನೋಡಿ.

ಬೆಳಗಿನ ಸಭೆ ಗಂಟೆಗಟ್ಟಲೆ ಎಳೆಯುತ್ತದೆ. ಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಮಾಡುವುದು?

ಕುರ್ಚಿಗಳನ್ನು ತೆಗೆಸಿ. ನಿಂತೇ ಮಾತನಾಡಿದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ನಿನ್ನೆ ರಾತ್ರಿ ಏನಾಯಿತು, ಇವತ್ತು ಏನು ಕೊರತೆ, ಯಾರು ರಜೆ, ಯಾವ ಆದೇಶ ಬದಲಾಗಿದೆ, ಅಷ್ಟೇ. ಚರ್ಚೆ ಬೇಕಾದ ವಿಷಯ ಬಂದರೆ ಸಂಬಂಧಪಟ್ಟ ಇಬ್ಬರು ಆಮೇಲೆ ಕೂರಲಿ. ಪಾಳಿ ಬದಲಾಗುವ ಹೊತ್ತಿಗೇ ಇಟ್ಟರೆ ಹೋಗುವವರೂ ಬರುವವರೂ ಸಿಗುತ್ತಾರೆ.

ಒಂದು ಸೇರ್ಪಡೆ: ಕೊನೆಯಲ್ಲಿ ಸಭೆಯ ಅತಿ ಕಿರಿಯರನ್ನು "ನಾವು ಏನು ಮರೆತೆವು?" ಎಂದು ಕೇಳಿ. ಮೊದಲ ಕೆಲವು ದಿನ ನಾಚಿಕೆಯಿಂದ ಸುಮ್ಮನಿರುತ್ತಾರೆ. ಒಂದು ದಿನ ಆಂಬುಲೆನ್ಸ್ ಚಾಲಕರು "ಸರ್, ಗಾಡಿಯಲ್ಲಿರುವ ಸಿಲಿಂಡರ್ ಅರ್ಧಕ್ಕೆ ಬಂದಿದೆ" ಎನ್ನುತ್ತಾರೆ. ಅವತ್ತಿನಿಂದ ಸಭೆಗೆ ಬೆಲೆ ಬರುತ್ತದೆ.

ಆಕ್ಸಿಜನ್ ಮುಗಿಯುತ್ತಿದೆ ಎಂಬುದು ಮುಗಿದ ಮೇಲೆ ಗೊತ್ತಾಗುತ್ತದೆ. ಇದಕ್ಕೆ ಉಪಾಯವೇನು?

ಸಿಲಿಂಡರ್ ಎಣಿಸಬೇಡಿ, ಗಂಟೆ ಎಣಿಸಿ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಐದು ರೋಗಿಗಳಿಗೆ ನಿಮಿಷಕ್ಕೆ 10 ಲೀಟರಿನಂತೆ ಕೊಡುತ್ತಿದ್ದರೆ ಒಟ್ಟು 50 ಲೀಟರ್. ಒಂದು ಸಿಲಿಂಡರ್ ಬರುವುದು 140 ನಿಮಿಷ, ಅಂದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಮೂಗಿಗೆ ರಭಸದಿಂದ ಹಾಯಿಸುವ ಯಂತ್ರ ನಿಮಿಷಕ್ಕೆ 60 ಲೀಟರ್‌ವರೆಗೂ ಎಳೆಯಬಲ್ಲದು. ಆಗ ಒಬ್ಬನೇ ರೋಗಿ ಒಂದು ಜಂಬೋ ಸಿಲಿಂಡರನ್ನು ಎರಡು ಗಂಟೆಯೊಳಗೆ ಮುಗಿಸುತ್ತಾನೆ. "ಇನ್ನೂ ಎಂಟು ಸಿಲಿಂಡರ್ ಇವೆ ಸರ್" ಎಂಬ ಮಾತು ನೆಮ್ಮದಿ ಕೊಡುತ್ತದೆ. "ಇನ್ನು ಹದಿನೆಂಟು ಗಂಟೆಗೆ ಇದೆ ಸರ್" ಎಂದರೆ ತಕ್ಷಣ ಫೋನ್ ಎತ್ತುತ್ತೀರಿ, ಏಕೆಂದರೆ ಮರುಪೂರಣಕ್ಕೆ ಹೋದ ಗಾಡಿ ತಿರುಗಿ ಬರಲು ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತಿದೆ.

2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಿಂದ ರೋಗಿಗಳು ಪ್ರಾಣ ಬಿಟ್ಟದ್ದನ್ನು ರಾಜ್ಯವೇ ನೋಡಿದೆ. ಆ ದಿನಗಳಲ್ಲಿ ಸಿಲಿಂಡರ್ ಸಿಗುತ್ತಿರಲಿಲ್ಲ ಎಂಬುದು ನಿಜ. ಸಿಗದ ಕಾಲದಲ್ಲೇ ಲೆಕ್ಕ ಹೆಚ್ಚು ಬೇಕು. ದಿನಕ್ಕೆ ಮೂರು ಸಲ, ಪಾಳಿಗೊಮ್ಮೆ, ಉಳಿದ ಗಂಟೆಗಳನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಒಬ್ಬರ ಹೆಸರಿನಲ್ಲಿರಲಿ. ಕೈಗವಸು, ಐವಿ ದ್ರವ, ಡೆಂಗಿ ಪರೀಕ್ಷಾ ಕಿಟ್‌ಗಳಿಗೂ ಇದೇ ಲೆಕ್ಕ ಹೊಂದುತ್ತದೆ, ಗಂಟೆಯ ಬದಲು ದಿನ ಎಂದಿಟ್ಟುಕೊಳ್ಳಿ.

ಐದು ವಾಟ್ಸಾಪ್ ಗುಂಪುಗಳಲ್ಲಿ ಐದು ಆದೇಶ ಬರುತ್ತವೆ. ಯಾವುದನ್ನು ಪಾಲಿಸಬೇಕು?

ಗುಂಪುಗಳನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೇಂದ್ರದೊಳಗೆ ಒಂದೇ ಬಾಯಿ ಇರುವಂತೆ ಮಾಡುವುದು ಇದೆ. ಬೋರ್ಡಿನ ಮೇಲೆ ದಿನಾಂಕ, ಸಮಯ, ಸಹಿಯೊಂದಿಗೆ ಬರೆದದ್ದೇ ಇವತ್ತಿನ ಆದೇಶ, ಮೊಬೈಲಿನಲ್ಲಿ ಕಂಡದ್ದು ಸುದ್ದಿ ಮಾತ್ರ ಎಂದು ಮೊದಲ ದಿನವೇ ಸಾರಿಬಿಡಿ.

ಹನ್ನೆರಡು ಗಂಟೆ ಪಾಳಿ ಹಾಕಿದರೆ ಜನ ಉಳಿಯುತ್ತಾರೆ, ಎಂಟು ಗಂಟೆ ಹಾಕಿದರೆ ಜನ ಸಾಲುವುದಿಲ್ಲ. ನೀವಾದರೆ ಏನು ಮಾಡುತ್ತೀರಿ?

ಎಂಟನ್ನೇ ಆಯ್ದುಕೊಳ್ಳುತ್ತೇನೆ, ಹೊರರೋಗಿ ವಿಭಾಗದ ಕೆಲಸವನ್ನು ಕತ್ತರಿಸುತ್ತೇನೆ. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈ ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಕುಡಿದು ಬಂದವರಿಗೆ ಇಂಜೆಕ್ಷನ್ ತುಂಬಲು ನೀವು ಬಿಡುವುದಿಲ್ಲ. ಹನ್ನೆರಡು ಗಂಟೆ ಪಾಳಿ, ಅದಕ್ಕೆ ಮುಂಚೆ ಮಾಲೂರಿನಿಂದ ಎರಡು ಬಸ್ ಬದಲಿಸಿ ಬಂದದ್ದು, ಮನೆಗೆ ಹೋಗಿ ಅಡುಗೆ, ಇವೆಲ್ಲ ಕೂಡಿದರೆ ಹದಿನೇಳು ದಾಟುವುದು ಸುಲಭ. ಮಹಿಳಾ ಸಿಬ್ಬಂದಿಯ ಪಾಳಿ ಹಾಕುವಾಗ ಮನೆಯ ಈ ಎರಡನೇ ಪಾಳಿಯನ್ನು ಲೆಕ್ಕಕ್ಕೆ ಹಿಡಿಯುವ ಮುಖ್ಯಸ್ಥರು ಕಡಿಮೆ.

ಹನ್ನೆರಡು ಅನಿವಾರ್ಯವಾದರೆ ಸತತ ಮೂರಕ್ಕಿಂತ ಹೆಚ್ಚು ರಾತ್ರಿ ಹಾಕಬೇಡಿ. ನಡುವೆ ಮಲಗಲು ಒಂದು ಮಂಚ, ಒಂದು ಹೊದಿಕೆ ಇರಲಿ. ವಾರದ ರಜೆಯನ್ನು "ಮುಂದೆ ನೋಡೋಣ" ಎಂದು ಮುಂದೂಡಬೇಡಿ. ನಿಮ್ಮ ಹೆಸರಿನ ಮುಂದೆಯೂ ರಜೆ ಎಂದು ಬರೆಯಿರಿ. ನೀವು ತೆಗೆದುಕೊಳ್ಳದಿದ್ದರೆ ಮಿಕ್ಕವರು ಕೇಳಲು ಹಿಂಜರಿಯುತ್ತಾರೆ.

ಹೊರಗುತ್ತಿಗೆಯವರು, ಡಿ ಗ್ರೂಪ್ ನೌಕರರು ತಂಡದ ಭಾಗವೇ? ಅವರು ನಾಳೆ ಬಿಟ್ಟು ಹೋಗಬಹುದು.

ಹಾಗೆ ಕೇಳುವುದರಿಂದಲೇ ಅವರು ಬಿಟ್ಟು ಹೋಗುತ್ತಾರೆ. ಸೋಂಕಿತ ವಾರ್ಡಿನ ನೆಲ ಒರೆಸುವವರು, ಬಟ್ಟೆ ಒಗೆಯುವವರು, ಶವ ಸುತ್ತುವವರು ಯಾರೆಂದು ನೋಡಿ. ಮಾಸ್ಕ್ ಹಂಚುವಾಗ, ಲಸಿಕೆ ಪಟ್ಟಿ ಮಾಡುವಾಗ, ಊಟ ತರಿಸುವಾಗ ಅವರ ಹೆಸರು ಎಷ್ಟನೇ ಸಾಲಿನಲ್ಲಿದೆ? ಸಂಬಳ ಎರಡು ತಿಂಗಳಿನಿಂದ ನಿಂತಿದ್ದರೆ ಅದರ ಬಗ್ಗೆ ಏಜೆನ್ಸಿಗೆ ಪತ್ರ ಬರೆಯುವುದು ನಿಮ್ಮ ಕೆಲಸವಲ್ಲದಿರಬಹುದು, ಆದರೂ ಬರೆಯಿರಿ, ಪ್ರತಿಯನ್ನು ಅವರಿಗೂ ಕೊಡಿ.

ದಾನಿಗಳು ಬೆಡ್, ಯಂತ್ರ ಎಲ್ಲ ಕೊಡುತ್ತಾರೆ. ಅದರಿಂದ ಅರ್ಧ ಸಮಸ್ಯೆ ತೀರಲಿಲ್ಲವೇ?

2021ರಲ್ಲಿ ಕೆಜಿಎಫ್‌ನ ಹಳೆಯ ಗಣಿ ಆಸ್ಪತ್ರೆಯನ್ನು ನೆನಪಿಸಿಕೊಳ್ಳಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಪಾಳು ಬಿದ್ದಿದ್ದ ಆ ಕಟ್ಟಡವನ್ನು ಸ್ವಯಂಸೇವಕರು ಗುಡಿಸಿ, ತೊಳೆದು, ಬಣ್ಣ ಬಳಿದು ಕೋವಿಡ್ ರೋಗಿಗಳಿಗೆ ಸಜ್ಜು ಮಾಡಿದರು. ನಮ್ಮ ಸೀಮೆಯ ಜನ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಕಟ್ಟಡವನ್ನು ವಾರಗಳಲ್ಲಿ ಎಬ್ಬಿಸಬಹುದು, ಮಂಚವನ್ನು ಒಂದು ದಿನದಲ್ಲಿ ತರಿಸಬಹುದು, ಐಸಿಯು ಬಲ್ಲ ಶುಶ್ರೂಷಾಧಿಕಾರಿಯನ್ನು ಅಷ್ಟು ಬೇಗ ತಯಾರು ಮಾಡಲು ಆಗುವುದಿಲ್ಲ. ದಾನಿಗಳು ಬಂದಾಗ ಸಿಬ್ಬಂದಿಯ ಊಟ, ವಾಹನ, ತಂಗುವ ಕೋಣೆ ಕೇಳಿ. ಯಂತ್ರ ಕೊಡುತ್ತೇನೆಂದರೆ ಅದನ್ನು ನಡೆಸುವವರು, ರಿಪೇರಿ ಮಾಡುವವರು ಯಾರೆಂದು ಮೊದಲು ಕೇಳಿ. ಸಣ್ಣಪುಟ್ಟ ಖರ್ಚಿಗೆ ಆರೋಗ್ಯ ರಕ್ಷಾ ಸಮಿತಿಯ ಹಣ ಇದೆ. ತುರ್ತಿನಲ್ಲಿ ಎಷ್ಟರವರೆಗೆ ಖರ್ಚು ಮಾಡಬಹುದೆಂದು ಸಮಿತಿಯಲ್ಲಿ ಮೊದಲೇ ನಿರ್ಣಯ ಮಾಡಿಸಿಟ್ಟುಕೊಳ್ಳಿ.

## ಜನ, ಮಾತು, ಮನಸ್ಸು

ಸಂಬಂಧಿಕರು ನುಗ್ಗಿ ಗಲಾಟೆ ಮಾಡಿದರೆ ಮುಖ್ಯಸ್ಥರು ಏನು ಮಾಡಬೇಕು?

ಮುಂದೆ ಬಂದು ನಿಲ್ಲಬೇಕು. ಕಿರಿಯ ಸಿಸ್ಟರ್ ಒಬ್ಬರನ್ನೇ ಮಾತಿಗೆ ಬಿಟ್ಟು ಒಳಗೆ ಕೂರುವ ವೈದ್ಯರನ್ನು ತಂಡ ಎಂದೂ ಕ್ಷಮಿಸುವುದಿಲ್ಲ. ಹೆಚ್ಚಿನ ಗಲಾಟೆಗಳು ಸಾವಿನಿಂದಲ್ಲ, ಸಾವಿಗೆ ಮುಂಚಿನ ಆರು ಗಂಟೆಗಳ ಮೌನದಿಂದ ಹುಟ್ಟುತ್ತವೆ. ಹೊರಗೆ ಕಾದವರಿಗೆ ಎರಡು ಗಂಟೆಗೊಮ್ಮೆ, ಪ್ರತಿ ಸಲವೂ ಅದೇ ಒಬ್ಬರು, ಹೋಗಿ ಹೇಳಬೇಕು, ಹೇಳುವುದಕ್ಕೆ ಹೊಸದೇನೂ ಇಲ್ಲದಿದ್ದರೂ.

ಕಾನೂನೂ ಗೊತ್ತಿರಲಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಂತೆ, ಸಾಂಕ್ರಾಮಿಕದ ಹೊತ್ತಿನಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಿಂಸೆ ನಡೆಸಿದರೆ ಮೂರು ತಿಂಗಳಿಂದ ಐದು ವರ್ಷ ಸೆರೆ ಮತ್ತು 50,000ದಿಂದ 2 ಲಕ್ಷ ರೂಪಾಯಿ ದಂಡ. ತೀವ್ರ ಗಾಯವಾದರೆ ಸೆರೆ ಏಳು ವರ್ಷದವರೆಗೆ ಹೋಗುತ್ತದೆ. ದೂರನ್ನು ಸಂಸ್ಥೆಯ ಮುಖ್ಯಸ್ಥರಾಗಿ ನೀವು ಕೊಡಿ. ಪೆಟ್ಟು ತಿಂದ ಆಶಾ ಕಾರ್ಯಕರ್ತೆ ಒಬ್ಬಳೇ ಠಾಣೆಯ ಬೆಂಚಿನ ಮೇಲೆ ಕೂರುವಂತಾಗಬಾರದು.

ಬಾಗೇಪಲ್ಲಿ ಕಡೆ ಅರ್ಧ ಊರು ತೆಲುಗು. ಕನ್ನಡದಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಅರ್ಥವಾಯಿತೋ ಇಲ್ಲವೋ ತಿಳಿಯುವುದಿಲ್ಲ.

ಕಷ್ಟದಲ್ಲಿ ಮನುಷ್ಯ ಮನೆಮಾತಿನಲ್ಲೇ ಕೇಳಿಸಿಕೊಳ್ಳುತ್ತಾನೆ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಎಲ್ಲ ಪಟ್ಟಣಗಳಲ್ಲೂ ಉರ್ದು ಬೇಕು. ಯಾವ ಪಾಳಿಯಲ್ಲಿ ಯಾವ ಭಾಷೆ ಬಲ್ಲವರಿದ್ದಾರೆಂದು ಡ್ಯೂಟಿ ಪಟ್ಟಿಯಲ್ಲೇ ಗುರುತು ಹಾಕಿ. ಕೆಟ್ಟ ಸುದ್ದಿ ಹೇಳಿಸಲು ರೋಗಿಯ ಶಾಲೆಗೆ ಹೋಗುವ ಮಗನನ್ನು ದುಭಾಷಿ ಮಾಡಬೇಡಿ. ಹೇಳಿದ ಮೇಲೆ "ಮನೆಗೆ ಹೋಗಿ ಅಮ್ಮನಿಗೆ ಏನೆಂದು ಹೇಳುತ್ತೀರಿ?" ಎಂದು ಕೇಳಿದರೆ ಅರ್ಥವಾದದ್ದು ಎಷ್ಟೆಂದು ತಿಳಿಯುತ್ತದೆ.

ನಮ್ಮ ಲ್ಯಾಬ್ ಟೆಕ್ನಿಷಿಯನ್ ಈಚೆಗೆ ಎಲ್ಲರ ಮೇಲೂ ಹರಿಹಾಯುತ್ತಾರೆ. ಸೊಕ್ಕೋ, ಸುಸ್ತೋ?

ಮೊದಲು ಹೇಗಿದ್ದರು ಎಂಬುದನ್ನು ನೋಡಿ. ಹತ್ತು ವರ್ಷದಿಂದ ಹೀಗೇ ಇದ್ದರೆ ಅದು ಬೇರೆ ಕಥೆ. ನಗುನಗುತ್ತಿದ್ದವರು ಹೀಗಾಗಿದ್ದರೆ ಕೆಲಸ ಅವರನ್ನು ಸವೆಸಿದೆ. ಬರ್ನ್‌ಔಟ್ ಎಂದು ಕರೆಯುವ ಈ ಸವೆತವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎನ್ನುವುದಿಲ್ಲ, ಉದ್ಯೋಗದ ಒತ್ತಡ ಸರಿಯಾಗಿ ನಿಭಾಯಿಸಲ್ಪಡದೆ ಬರುವ ಸ್ಥಿತಿ ಎನ್ನುತ್ತದೆ. ಅದರ ಮೂರು ಗುರುತುಗಳು ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ಮಾಡಿದ್ದೆಲ್ಲ ವ್ಯರ್ಥವೆಂಬ ಭಾವ. ಕಾರಣ ಉದ್ಯೋಗದಲ್ಲಿದ್ದರೆ ಮದ್ದೂ ಅಲ್ಲೇ ಇರಬೇಕು. ಯೋಗ ಶಿಬಿರಕ್ಕೆ ಕಳಿಸಿ, ತಿರುಗಿ ಬಂದ ಮೇಲೆ ಅದೇ ನೂರೈವತ್ತು ಮಾದರಿಗಳನ್ನು ಎದುರಿಗಿಟ್ಟರೆ ಫಲವಿಲ್ಲ.

ಖಾಸಗಿಯಾಗಿ ಕರೆಯಿರಿ. "ಏನಾಗಿದೆ ನಿಮಗೆ?" ಎನ್ನುವ ಬದಲು "ಕೆಲಸದಲ್ಲಿ ಯಾವುದು ಬಹಳ ಭಾರವಾಗಿದೆ?" ಎಂದು ಕೇಳಿ. ನಿದ್ದೆ ಬಾರದಿರುವುದು, ಕುಡಿತ ಹೆಚ್ಚಿರುವುದು, ಬದುಕು ಸಾಕೆನ್ನುವ ಮಾತು ಕಂಡರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿ ಸಿಗುತ್ತದೆ, ನಿಮ್ಹಾನ್ಸ್ ಕೂಡ ನಮಗೆ ದೂರವಿಲ್ಲ. ಮೊದಲ ಕರೆ ಮಾಡುವಾಗ ಜೊತೆಗೆ ಕೂರುತ್ತೇನೆ ಎಂದು ಹೇಳಿ. ಬದುಕು ಸಾಕೆಂದವರನ್ನು ಆ ಹೊತ್ತಿನಲ್ಲಿ ಒಂಟಿಯಾಗಿ ಬಿಡಬೇಡಿ.

ವಾರ್ಡಿನಲ್ಲಿ ಮಗು ಸತ್ತ ರಾತ್ರಿ ಎಲ್ಲರನ್ನೂ ಕೂರಿಸಿ ಮನಸ್ಸಿನಲ್ಲಿರುವುದನ್ನು ಹೇಳಿಸಬೇಕೆ?

ಬಲವಂತದಿಂದ ಬೇಡ. ಆಘಾತದ ಬೆನ್ನಿಗೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುವ ಒಂದೇ ಬೈಠಕ್ಕಿನ ಪದ್ಧತಿಯಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ, ಕೆಲವರಿಗೆ ಅದು ಹಾನಿಯನ್ನೂ ಮಾಡಬಹುದು. ಆ ರಾತ್ರಿ ಬೇಕಾಗಿರುವುದು ಬಿಸಿ ಚಹಾ, ಮನೆಗೆ ಕಳಿಸಲು ಗಾಡಿ, ಮರುದಿನದ ಪಾಳಿಗೆ ಬದಲಿ. ಮಾತನಾಡಬೇಕೆನ್ನುವವರ ಮಾತು ಕೇಳಿ, ಸುಮ್ಮನಿರುವವರನ್ನು ಸುಮ್ಮನಿರಲು ಬಿಡಿ, ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ ವಿಚಾರಿಸಿ. ಆ ನಾಲ್ಕನೇ ದಿನದ ವಿಚಾರಣೆಯನ್ನೇ ಎಲ್ಲರೂ ಮರೆಯುವುದು.

## ಗಟ್ಟಿ ಪ್ರಶ್ನೆಗಳು

ಮೇಲಿನಿಂದ ಮಾಡಲಾಗದ ಆದೇಶ ಬಂದರೆ "ಆಗುವುದಿಲ್ಲ" ಎಂದು ಹೇಗೆ ಹೇಳುವುದು? ನೋಟಿಸ್ ಬರುತ್ತದೆ.

"ಆಗುವುದಿಲ್ಲ" ಎಂದು ಬರೆಯಬೇಡಿ, ಬೆಲೆಯನ್ನು ಬರೆಯಿರಿ. ಹೀಗೆ: "ದಿನಕ್ಕೆ 200 ಮಾದರಿ ಸಂಗ್ರಹಿಸಲು ಸೂಚಿಸಿದ್ದೀರಿ. ಇರುವ ಇಬ್ಬರು ಆರೋಗ್ಯ ಸುರಕ್ಷಾಧಿಕಾರಿಗಳನ್ನು ಇದಕ್ಕೆ ನಿಯೋಜಿಸಿದರೆ ಗುರುವಾರದ ಲಸಿಕಾ ಸತ್ರ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಲು ಅನುಮತಿ ಕೊಡಿ, ಅಥವಾ ಒಬ್ಬ ಸಿಬ್ಬಂದಿಯನ್ನು ನಿಯೋಜಿಸಿ, ಅಥವಾ ಗುರಿಯನ್ನು 90ಕ್ಕೆ ಇಳಿಸಿ." ಈಗ ತೀರ್ಮಾನ ಮೇಲಿನವರದು, ಅದೂ ಕಾಗದದ ಮೇಲೆ. ಬಹುತೇಕ ಅಧಿಕಾರಿಗಳು ಮೂರನೆಯದನ್ನು ಆರಿಸುತ್ತಾರೆ.

ಯಾವುದನ್ನು ನಿಲ್ಲಿಸಬಾರದೆಂಬ ಪಟ್ಟಿ ನಿಮ್ಮಲ್ಲಿರಲಿ: ಹೆರಿಗೆ, ಲಸಿಕೆ, ಕ್ಷಯದ ಔಷಧ, ಡಯಾಲಿಸಿಸ್, ಹಾವು ಕಡಿತ. ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳ ಸಂಖ್ಯೆ 2019ರ ಸುಮಾರು 24 ಲಕ್ಷದಿಂದ 2020ರಲ್ಲಿ 18 ಲಕ್ಷಕ್ಕೆ ಇಳಿಯಿತು. ಕ್ಷಯ ಕಡಿಮೆಯಾಗಲಿಲ್ಲ, ಹುಡುಕುವವರು ಬೇರೆ ಕೆಲಸದಲ್ಲಿದ್ದರು.

ಹಾಸಿಗೆ ಒಂದು, ರೋಗಿಗಳು ಇಬ್ಬರು. ಅಷ್ಟರಲ್ಲಿ ದೊಡ್ಡವರ ಫೋನ್. ಯಾರು ತೀರ್ಮಾನಿಸಬೇಕು?

ರೋಗಿಯ ಪಕ್ಕ ನಿಂತ ವೈದ್ಯರೊಬ್ಬರೇ ತೀರ್ಮಾನಿಸಬಾರದು. ಆ ಭಾರ ಒಬ್ಬರ ತಲೆಯ ಮೇಲೆ ಬಿದ್ದರೆ ವರ್ಷಗಳವರೆಗೆ ಇಳಿಯುವುದಿಲ್ಲ. ನೇರ ಚಿಕಿತ್ಸೆಯಲ್ಲಿ ಇಲ್ಲದ ಇಬ್ಬರು ಹಿರಿಯರು, ಮೊದಲೇ ಬರೆದಿಟ್ಟ ಅಳತೆಗೋಲಿನಂತೆ ಹೇಳಬೇಕು: ಯಾರಿಗೆ ಈಗ ಹಾಸಿಗೆ ಸಿಗದಿದ್ದರೆ ಪ್ರಾಣಕ್ಕೆ ಕುತ್ತು, ಯಾರು ಚಿಕಿತ್ಸೆಯಿಂದ ಉಳಿಯುವ ಸಾಧ್ಯತೆ ಹೆಚ್ಚು, ಯಾರನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಸಾಗಿಸಬಹುದು. ಜಾತಿ, ಹಣ, ಹುದ್ದೆ, ಊರು ಆ ಕಾಗದದಲ್ಲಿ ಇರಕೂಡದು. ತೀರ್ಮಾನ, ಸಮಯ, ಕಾರಣ ಮೂರನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. ಹಾಸಿಗೆ ಸಿಗದವರನ್ನು ಕೈಬಿಟ್ಟಂತಾಗಬಾರದು, ಗಂಟೆಗೊಮ್ಮೆ ಮತ್ತೆ ನೋಡಬೇಕು.

ಫೋನಿನ ವಿಷಯ. "ಆಗಲಿ ಸರ್, ತೀರ್ಮಾನಿಸುವ ಹಿರಿಯರ ಮುಂದೆ ಇಡುತ್ತೇನೆ, ಕರೆ ಬಂದದ್ದನ್ನು ನಮೂದಿಸಿಕೊಂಡಿದ್ದೇನೆ" ಎಂದು ವಿನಯದಿಂದ ಹೇಳಿ. ನಮೂದಿಸಿಕೊಂಡಿದ್ದೇನೆ ಎಂಬ ಮಾತು ಕೇಳಿದ ಮೇಲೆ ಎರಡನೇ ಕರೆ ಅಪರೂಪ.

ಸಿಬ್ಬಂದಿಯಿಂದ ತಪ್ಪಾದರೆ ರಕ್ಷಿಸಬೇಕೆ, ಶಿಕ್ಷಿಸಬೇಕೆ?

ಬೆಳಗಿನ ನಾಲ್ಕಕ್ಕೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಯಿತು ಎನ್ನಿ. ಮೊದಲು ರೋಗಿಯನ್ನು ನೋಡಿ, ಮನೆಯವರಿಗೆ ನಿಜ ಹೇಳಿ. ಆಮೇಲೆ ಕೇಳಿ: ಬೇರೆ ಒಳ್ಳೆಯ ಸಿಬ್ಬಂದಿ ಅದೇ ಜಾಗದಲ್ಲಿದ್ದರೂ ಈ ತಪ್ಪು ಆಗುತ್ತಿತ್ತೇ? ಒಂದೇ ಬಣ್ಣದ ಮುಚ್ಚಳದ ಎರಡು ಸೀಸೆಗಳು ಒಂದೇ ಟ್ರೇಯಲ್ಲಿದ್ದು, ದೀಪ ಕೆಟ್ಟು, ಅದು ಅವರ ಹದಿನಾಲ್ಕನೇ ಗಂಟೆಯಾಗಿದ್ದರೆ ಉತ್ತರ ಹೌದು. ಟ್ರೇ ಬದಲಿಸಿ, ದೀಪ ಹಾಕಿಸಿ. ಪರೀಕ್ಷಿಸಬೇಕೆಂದು ಗೊತ್ತಿದ್ದೂ ಬೇಕೆಂದೇ ಬಿಟ್ಟಿದ್ದರೆ, ಕುಡಿದು ಬಂದಿದ್ದರೆ, ದಾಖಲೆ ತಿದ್ದಿದ್ದರೆ ಶಿಸ್ತುಕ್ರಮ ಬೇಕು. ಎರಡನ್ನೂ ಒಂದೇ ನೋಟಿಸಿನಲ್ಲಿ ಮುಗಿಸುವ ಆಸ್ಪತ್ರೆಯಲ್ಲಿ ಮುಂದಿನ ತಪ್ಪು ವರದಿಯಾಗುವುದಿಲ್ಲ.

ನಾನೇ ಹಾಸಿಗೆ ಹಿಡಿದರೆ?

ಹಿಡಿಯುತ್ತೀರೆಂದೇ ತಿಳಿದು ಸಿದ್ಧವಾಗಿ. ನಿಮ್ಮ ನಂತರ ಯಾರು, ಅವರ ನಂತರ ಯಾರು ಎಂದು ಹೆಸರಿಸಿ ಮೇಲಿನವರ ಒಪ್ಪಿಗೆ ಪಡೆದಿಡಿ. ಆಮೇಲೆ ಒಂದು ದಿನ, ಏನೂ ಆಗದಿದ್ದಾಗ, ಮೊಬೈಲ್ ಆಫ್ ಮಾಡಿ ಮನೆಯಲ್ಲಿರಿ. ಉಗ್ರಾಣದ ಎರಡನೇ ಬೀಗದ ಕೈ ಎಲ್ಲಿದೆ, ಪೋರ್ಟಲ್‌ನ ಪಾಸ್‌ವರ್ಡ್ ಯಾರಿಗೆ ಗೊತ್ತು, ಸಿಲಿಂಡರ್ ತುಂಬಿಸುವವರ ನಂಬರ್ ಯಾರ ಫೋನಿನಲ್ಲಿದೆ, ಯಾವ ಕಾಗದಕ್ಕೆ ನಿಮ್ಮ ಸಹಿಯೇ ಬೇಕು ಎಂಬುದೆಲ್ಲ ಸಂಜೆಯೊಳಗೆ ಹೊರಬೀಳುತ್ತದೆ.

ಎಲ್ಲ ಮುಗಿದ ಮೇಲೆ ಎಲ್ಲರೂ ಮರೆಯಲು ಬಯಸುತ್ತಾರೆ. ಮತ್ತೆ ಕೆದಕಬೇಕೆ?

ಕೆದಕಬೇಕು, ಎರಡು ಮೂರು ವಾರದೊಳಗೆ, ಅರ್ಧ ದಿನ ಸಾಕು. ನಾಲ್ಕು ಪ್ರಶ್ನೆಗಳು: ಏನಾಗಬೇಕೆಂದುಕೊಂಡಿದ್ದೆವು, ಏನಾಯಿತು, ಅಂತರ ಏಕೆ ಬಂತು, ಮುಂದಿನ ಸಲಕ್ಕೆ ಯಾವುದನ್ನು ಉಳಿಸಿಕೊಳ್ಳುತ್ತೇವೆ ಮತ್ತು ಯಾವುದನ್ನು ಬದಲಿಸುತ್ತೇವೆ. ಆಂಬುಲೆನ್ಸ್ ಚಾಲಕರು, ಆಯಾ, ಆಶಾ ಎಲ್ಲರೂ ಇರಲಿ. ಮುಖ್ಯಸ್ಥರು ಕೊನೆಗೆ ಮಾತನಾಡಲಿ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲವೆಂದು ಮೊದಲೇ ಹೇಳಿ, ಆ ಮಾತನ್ನು ಉಳಿಸಿಕೊಳ್ಳಿ.

ಹೊರಬಂದ ಅಂಶಗಳು ಮೂವತ್ತಿರಬಹುದು, ಐದನ್ನು ಮಾತ್ರ ಆರಿಸಿ. ಪ್ರತಿಯೊಂದರ ಮುಂದೆ ಒಂದು ಹೆಸರು, ಒಂದು ದಿನಾಂಕ ಬರೆಯಿರಿ. ಎರಡು ಪುಟಕ್ಕಿಂತ ಉದ್ದವಾದರೆ ಯಾರೂ ಓದುವುದಿಲ್ಲ. ಅದನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಡೆಂಗಿ ಶುರುವಾಗುವ ಮೊದಲು, ಬೆಳಗಿನ ಸಭೆಯಲ್ಲಿ ಓದಿಸಿ. ವೈದ್ಯಾಧಿಕಾರಿಗಳು ವರ್ಗವಾಗಿ ಹೋಗುತ್ತಲೇ ಇರುತ್ತಾರೆ. ಆದ್ದರಿಂದ ಅಧಿಕಾರ ವಹಿಸಿಕೊಡುವ ಕಾಗದಗಳಲ್ಲಿ, ದಾಸ್ತಾನು ಪುಸ್ತಕ ಮತ್ತು ಬೀಗದ ಕೈಗಳ ಜೊತೆಗೆ, ಈ ಎರಡು ಪುಟವನ್ನೂ ಸೇರಿಸಿ ಹೊಸಬರಿಂದ ಸಹಿ ತೆಗೆದುಕೊಳ್ಳಿ.